ಹಳೆಯ ಸೋಫಾ ಮತ್ತು ಶಿಲಿಂಗಿನ ಭವಿಷ್ಯ

ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ದುಡ್ಡಿನ ಮರ್ಮ ಗೊತ್ತಿರುತ್ತದೆ ಎಂದು ನಂಬುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಆಸ್ಪತ್ರೆಯ ಲಿಫ್ಟ್ ರಿಪೇರಿ ಮಾಡುವವನ ಹತ್ತಿರ ಎದೆನೋವಿಗೆ ಔಷಧಿ ಕೇಳಿದ ಹಾಗೆ ಇದು. ನಾನು ನೈರೋಬಿಯ ಒಂದು ಬ್ಯಾಂಕಿನಲ್ಲಿ ಇರುವುದು ನಿಜ. ಆದರೆ ಅಲ್ಲಿ ನನ್ನ ಕೆಲಸ ಗ್ರಾಹಕರ ಫೋನಿಗೆ ಹೋಗುವ ಮೆಸೇಜುಗಳದ್ದು. ಯಾರದೋ ಖಾತೆಯಿಂದ ದುಡ್ಡು ಹೋದರೆ, ಹೋಯಿತು ಎಂದು ಅವರಿಗೆ ತಿಳಿಸುವ ಪ್ರೋಗ್ರಾಮನ್ನು ನೋಡಿಕೊಳ್ಳುತ್ತೇನೆ. ಯಾಕೆ ಹೋಯಿತು, ಎಲ್ಲಿಗೆ ಹೋಯಿತು, ಮತ್ತೆ ಬರುತ್ತದೆಯೇ ಎಂಬುದೆಲ್ಲ ಬೇರೆ ಮಹಡಿಯವರ ತಲೆನೋವು. ಇಷ್ಟಾದರೂ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ನಮ್ಮ ಕನ್ನಡದ ಮಂದಿ ಗಣೇಶನ ಹಬ್ಬಕ್ಕೆ ಸೇರಿದಾಗ, ಪ್ರಸಾದದ ತಟ್ಟೆ ಹಿಡಿದು ನನ್ನ ಪಕ್ಕಕ್ಕೆ ಸರಿದು, “ಶಿಲಿಂಗ್ ಏನಾಗ್ಬೋದು ಸಾರ್?” ಎಂದು ಇಲ್ಲಿನ ನಾಣ್ಯದ ಭವಿಷ್ಯವನ್ನು ಮೆಲ್ಲಗೆ ಕೇಳುತ್ತಾರೆ. ಗೊತ್ತಿಲ್ಲ ಎಂದರೆ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಳ್ಳುತ್ತಾರೆ. ಹಾಗಾಗಿ ಈಚೆಗೆ ನಾನು “ಸ್ವಲ್ಪ ಕಾದು ನೋಡಿ” ಅನ್ನುತ್ತೇನೆ. ಯಾವ ಕಾಲಕ್ಕೂ ಸುಳ್ಳಾಗದ ಸಲಹೆ ಅದು. ಕೇಳಿದವರು ತಲೆಯಾಡಿಸಿ ಹೋಗುತ್ತಾರೆ, ನನಗೂ ಒಳಗೊಳಗೇ ಖುಷಿಯಾಗುತ್ತದೆ.

ನನ್ನ ಸ್ವಂತ ದುಡ್ಡಿನ ವಿಷಯಕ್ಕೆ ಬಂದರೆ ನಾನು ಅನುಸರಿಸುವುದು ನನ್ನ ಸೋದರಮಾವನ ಸಿದ್ಧಾಂತವನ್ನು. ಮೈಸೂರಿನಲ್ಲಿದ್ದ ಆ ಮಾವ ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ತನ್ನ ಎಲೆಯನ್ನು ನೋಡಿದ್ದೇ ಇಲ್ಲ, ನೋಡುವುದೆಲ್ಲ ಪಕ್ಕದವರ ಎಲೆಯನ್ನೇ. ಅವರು ಎರಡನೇ ಸಲ ಪಾಯಸ ಹಾಕಿಸಿಕೊಂಡರೆ ಇವನೂ ಹಾಕಿಸಿಕೊಳ್ಳುವನು. ಅವರು ಸಾರನ್ನಕ್ಕೇ ನಿಲ್ಲಿಸಿದರೆ ಇವನೂ ಅರೆಹೊಟ್ಟೆಯಲ್ಲಿ ಎದ್ದುಬಿಡುವನು. “ಗೊತ್ತಿರೋರು ಹೇಗೆ ಮಾಡ್ತಾರೋ ಹಾಗೆ ಮಾಡ್ಬೇಕು ಕಣೋ” ಎಂದು ನನಗೂ ಉಪದೇಶಿಸುತ್ತಿದ್ದ. ಪಕ್ಕದವರಿಗೆ ಗೊತ್ತಿದೆ ಎಂದು ಇವನಿಗೆ ಹೇಗೆ ಗೊತ್ತು ಎಂದು ಆಗ ಕೇಳುವಷ್ಟು ವಯಸ್ಸು ನನಗಿರಲಿಲ್ಲ. ಆಮೇಲೆ ವಯಸ್ಸು ಬಂತು, ಅಭ್ಯಾಸ ಹೋಗಲಿಲ್ಲ.

ನೈರೋಬಿಯಲ್ಲಿ ನನ್ನ ಪಕ್ಕದ ಎಲೆ ಎಂದರೆ ಶೆಣೈ. ನಮ್ಮ ಕಾಂಪೌಂಡಿನಲ್ಲೇ ಎದುರಿನ ಬ್ಲಾಕಿನಲ್ಲಿರುವ ಶೆಣೈ ಒಂದು ಟೆಲಿಕಾಂ ಕಂಪನಿಯಲ್ಲಿ ದೊಡ್ಡ ಎಂಜಿನಿಯರ್. ಕುಂದಾಪುರದ ಕಡೆಯವರು. ಅವರ ತಂದೆಗೆ ಊರಿನಲ್ಲಿ ಬಟ್ಟೆ ಅಂಗಡಿ ಇತ್ತೆಂದು ಕೇಳಿದ ದಿನವೇ, ಈ ಮನುಷ್ಯನಿಗೆ ವ್ಯವಹಾರ ರಕ್ತದಲ್ಲೇ ಬಂದಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಆ ಅಂಗಡಿ ಸಾಲ ಕೊಟ್ಟು ಕೊಟ್ಟೇ ಮುಚ್ಚಿತು ಎಂಬುದನ್ನು ಅವರು ಆಮೇಲೆ ಯಾವಾಗಲೋ ಹೇಳಿದರು. ಆದರೆ ಅಷ್ಟರಲ್ಲಿ ನನ್ನ ನಂಬಿಕೆ ಗಟ್ಟಿಯಾಗಿತ್ತು.

ಕಷ್ಟವೇನೆಂದರೆ, ದುಡ್ಡು ಎಲ್ಲಿಟ್ಟಿದ್ದೀರಿ ಎಂದು ನೇರವಾಗಿ ಕೇಳುವ ಹಾಗಿಲ್ಲ. ನಮ್ಮ ಜನ ರೈಲಿನಲ್ಲಿ ಎದುರು ಕೂತ ಅಪರಿಚಿತನ ಸಂಬಳ ಕೇಳುತ್ತಾರೆ, ಮಕ್ಕಳು ಯಾಕೆ ಆಗಲಿಲ್ಲ ಎಂದೂ ಕೇಳುತ್ತಾರೆ. ಉಳಿತಾಯದ ವಿಷಯ ಬಂದರೆ ಮಾತ್ರ ಎಲ್ಲರಿಗೂ ಸಂಕೋಚ. ಆದ್ದರಿಂದ ನಾನು ಶೆಣೈಯವರನ್ನು ದೂರದಿಂದ ಓದುತ್ತೇನೆ. ಅವರು ಕಾರಿಗೆ ಹೊಸ ಟಯರ್ ಹಾಕಿಸಿದರೆ ಇನ್ನೆರಡು ವರ್ಷ ಇಲ್ಲಿ ಭಯವಿಲ್ಲ ಎಂದು ಅರ್ಥ. ಊರಿಗೆ ಹೋಗುವಾಗ ಮೂರು ಸೂಟ್‌ಕೇಸ್ ಒಯ್ದರೆ ಏನೋ ಇದೆ ಎಂದು ಅರ್ಥ.

ಈ ಸಲ ಓದುವ ಅಗತ್ಯ ಜೋರಾಗಿತ್ತು. ಮಗಳು ಅನನ್ಯಳ ಕಾಲೇಜಿಗೆಂದು ಇಟ್ಟಿದ್ದ ಠೇವಣಿಯ ಅವಧಿ ತಿಂಗಳ ಕೊನೆಗೆ ಮುಗಿಯುವುದಿತ್ತು. ನಾವು ಇಲ್ಲಿಗೆ ಬಂದಾಗಿನಿಂದ ಉಳಿಸಿದ್ದೆಲ್ಲ ಅದರಲ್ಲೇ ಇತ್ತು. ಹೊರಗೆ ನೋಡಿದರೆ ಪೆಟ್ರೋಲ್ ಏರುತ್ತಿತ್ತು, ಹೊಸ ತೆರಿಗೆಗಳ ಗಲಾಟೆ ನಡೆದಿತ್ತು, ಶಿಲಿಂಗ್ ಒಂದು ವಾರ ಬಿದ್ದು ಒಂದು ವಾರ ಏಳುತ್ತಿತ್ತು. ಎರಡು ಕಂಪನಿಯವರು ನಮ್ಮವರನ್ನು ಬೆಂಗಳೂರಿಗೆ ವಾಪಸ್ ಕರೆಸಿಕೊಂಡಿದ್ದರು. ಠೇವಣಿಯನ್ನು ಶಿಲಿಂಗಿನಲ್ಲೇ ಮುಂದುವರಿಸಬೇಕೋ, ಡಾಲರಿಗೆ ಬದಲಾಯಿಸಬೇಕೋ? ಒಂದು ದಿನ ನಮ್ಮ ಬ್ಯಾಂಕಿನ ಅರ್ಥಶಾಸ್ತ್ರಜ್ಞೆ ಲಿಫ್ಟಿನಲ್ಲಿ ಸಿಕ್ಕಾಗ ಧೈರ್ಯ ಮಾಡಿ ಕೇಳಿದೆ. ಆಕೆ ಗಂಭೀರವಾಗಿ ಯೋಚಿಸಿ, “ಅದು ಬಹಳ ಸಂಗತಿಗಳ ಮೇಲೆ ನಿಂತಿದೆ” ಎಂದು ಶುರುಮಾಡಿದಳು. ಅಷ್ಟರಲ್ಲಿ ಅವಳ ಮಹಡಿ ಬಂತು.

“ಅಪ್ಪಾ, ದಿ ಫೀಸ್ ಆರ್ ಇನ್ ಶಿಲಿಂಗ್ಸ್” ಎಂದಳು ಅನನ್ಯ, ಫೋನಿನಿಂದ ತಲೆ ಎತ್ತದೆ. ಅವಳು ನೈರೋಬಿಯಲ್ಲೇ ಆರ್ಕಿಟೆಕ್ಚರ್ ಓದುತ್ತೇನೆಂದು ಹಟ ಹಿಡಿದವಳು. “ಸೋ ಕೀಪ್ ಇಟ್ ಇನ್ ಶಿಲಿಂಗ್ಸ್. ವಾಟ್ಸ್ ದ ಪ್ರಾಬ್ಲೆಮ್?” ಇಷ್ಟು ದೊಡ್ಡ ವಿಷಯ ಇಷ್ಟು ಸುಲಭವಾಗಿರಲು ಸಾಧ್ಯವಿಲ್ಲ ಎಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ನಮ್ಮ ಸೋಫಾಕ್ಕೆ ತಿಗಣೆ ಬಿತ್ತು.

ಈ ಸೋಫಾದ ವಂಶಾವಳಿ ಹೇಳಬೇಕು. ಇಲ್ಲಿರುವ ನಮ್ಮವರೆಲ್ಲ ಎರಡು ಮೂರು ವರ್ಷದ ಪೋಸ್ಟಿಂಗಿನ ಮೇಲೆ ಬಂದವರು. ಹೋಗುವವರು ವಾಟ್ಸ್ಆ್ಯಪ್ ಗುಂಪಿನಲ್ಲಿ ಸಾಮಾನಿನ ಪಟ್ಟಿ ಹಾಕುತ್ತಾರೆ, ಇರುವವರು ಕೊಳ್ಳುತ್ತಾರೆ. ನಮ್ಮ ಮನೆಯ ಗ್ರೈಂಡರ್ ಹುಬ್ಬಳ್ಳಿಯವರದು, ಕಪಾಟು ತುಮಕೂರಿನವರದು, ಸೋಫಾ ನಮಗಿಂತ ಮೊದಲು ಮೂರು ಮನೆ ಕಂಡದ್ದು. ಮನುಷ್ಯರು ಹೋಗುತ್ತಾರೆ, ಸೋಫಾ ಇರುತ್ತದೆ. ಹಾಗಾಗಿ ಯಾರ ಮನೆಯಿಂದಲಾದರೂ ಸೋಫಾ ಹೊರಟಿತೆಂದರೆ ಆ ಸಂಸಾರವೇ ಹೊರಟಿತೆಂದು ಲೆಕ್ಕ.

ಔಷಧಿ ಹೊಡೆಯಲು ಬಂದವನು ಸೋಫಾವನ್ನು ತಿರುಗಿಸಿ ನೋಡಿ, “ಕುಂಗುನಿ” ಎಂದು ಒಂದೇ ಮಾತು ಹೇಳಿ ತಲೆಯಲ್ಲಾಡಿಸಿದ. ತಿಗಣೆಗೆ ಇಲ್ಲಿನ ಹೆಸರು ಅದು. ಮರದ ಸಂದಿಗೆಲ್ಲ ಇಳಿದಿವೆ, ಇದನ್ನು ಹೊರಗೆ ಹಾಕುವುದೇ ಮೇಲು ಎಂದ. ನನ್ನ ಹೆಂಡತಿ ಪದ್ಮಿನಿಗೆ ಸೋಫಾ ಹೋದದ್ದಕ್ಕಿಂತ ತಿಗಣೆ ಬಂದದ್ದು ಯಾರಿಗಾದರೂ ತಿಳಿದರೆ ಎಂಬುದೇ ಚಿಂತೆ. ಗೇಟಿನ ಕಾವಲುಗಾರನಿಗೆ ಯಾರಿಗೂ ಹೇಳಬೇಡ ಎಂದು ಕೈಮುಗಿದಳು. ಅವನು “ಸವಾ, ಮಾಮಾ”, ಅಂದರೆ ಆಗಲಿ ಅಮ್ಮಾ, ಎಂದು ಮಾತು ಕೊಟ್ಟ, ಕೊಟ್ಟ ಮಾತು ಉಳಿಸಿಕೊಂಡ. ಆದರೆ ಸೋಫಾ ಕೈಗಾಡಿಯ ಮೇಲೆ ಕಾಲು ಮೇಲೆ ಮಾಡಿಕೊಂಡು ಕಾಂಪೌಂಡಿನ ನಡುವೆ ಮೆರವಣಿಗೆ ಹೋಗುವಾಗ ಎದುರಿನ ಬಾಲ್ಕನಿಯಲ್ಲಿ ಶೆಣೈ ಕಾಫಿ ಕುಡಿಯುತ್ತಾ ನಿಂತಿದ್ದರು.

“ಎಂತ ಮಾರಾಯ್ರೆ, ಸೋಫಾ ಎಲ್ಲಿಗೆ?” ಎಂದು ಅಲ್ಲಿಂದಲೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಪದ್ಮಿನಿ, “ಸುಮ್ನೆ ಕಣ್ರೀ, ಇನ್ಮೇಲೆ ಸ್ವಲ್ಪ ಸಾಮಾನು ಕಮ್ಮಿ ಮಾಡೋಣ ಅಂತ!” ಎಂದು ಕೂಗಿದಳು.

ಶೆಣೈ ಕಾಫಿ ಲೋಟವನ್ನು ಕೆಳಗಿಟ್ಟರು. “ಹೌದಾ...” ಎಂದು ಎಳೆದು, ನನ್ನ ಮುಖ ನೋಡಿದರು. ನಾನು ನಕ್ಕೆ. ನಗಬಾರದಿತ್ತು.

ಎರಡೇ ದಿನದಲ್ಲಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಶೆಣೈಯವರ ಪಟ್ಟಿ ಬಂತು. ಸೋಫಾ, ವಾಷಿಂಗ್ ಮಷೀನು, ಊಟದ ಮೇಜು. ಮೊನ್ನೆಯಷ್ಟೇ ಹೊಸ ಟಯರ್ ಹಾಕಿಸಿದ ಮನುಷ್ಯ ಏಕಾಏಕಿ ಊಟದ ಮೇಜು ಮಾರುತ್ತಾರೆಂದರೆ ಅವರಿಗೆ ಏನೋ ಸುಳಿವು ಸಿಕ್ಕಿರಬೇಕು. ಬಟ್ಟೆ ಅಂಗಡಿಯ ರಕ್ತ! ಠೇವಣಿಯ ಅವಧಿ ಮುಗಿದ ದಿನವೇ ನಾನು ಅಷ್ಟೂ ದುಡ್ಡನ್ನು ಡಾಲರಿಗೆ ಬದಲಾಯಿಸಿದೆ. ನಾನೇ ನೋಡಿಕೊಳ್ಳುವ ಪ್ರೋಗ್ರಾಮಿನಿಂದ ನನ್ನ ಫೋನಿಗೇ ಮೆಸೇಜ್ ಬಂತು. ಅಂದು ನೆಮ್ಮದಿಯಾಗಿ ಊಟ ಮಾಡಿದೆ, ಚಾಪೆಯ ಮೇಲೆ ಕೂತು.

ಚಾಪೆ ಒಂದು ವಾರ ನಡೆಯಿತು. ಆಮೇಲೆ ಪದ್ಮಿನಿಯ ಮಂಡಿ ಮಾತಾಡತೊಡಗಿತು. “ರೀ, ಹೇಗೂ ಶೆಣೈ ಅವರದು ಮಾರಾಟಕ್ಕಿದೆಯಲ್ಲ. ಕ್ಲೀನ್ ಮನೆ ಅವರದು, ಧೈರ್ಯವಾಗಿ ತಗೋಬಹುದು” ಎಂದಳು. ಹೋಗಿ ವ್ಯಾಪಾರ ಮಾಡಿದೆವು. ನಾವು ಸೋಫಾ ಕೇಳಿದಾಗ ಶೆಣೈಯವರ ಮುಖದಲ್ಲಿ ಆದ ಬದಲಾವಣೆ ನನಗೆ ಈಗಲೂ ನೆನಪಿದೆ. ಮೊದಲು ಹುಬ್ಬು ಮೇಲೆ ಹೋಯಿತು, ಆಮೇಲೆ ಬಾಯಿ ನಿಧಾನವಾಗಿ ತೆರೆದುಕೊಂಡಿತು.

“ನೀವು... ಸೋಫಾ ತಗೊಳ್ತೀರಾ ಮೂರ್ತಿಯವರೇ?”

“ಹೌದು. ಯಾಕೆ?”

“ಎಂತ ಇಲ್ಲ, ಎಂತ ಇಲ್ಲ” ಎಂದವರು ಒಳಗೆ ಹೋಗಿ ಹೆಂಡತಿಯ ಜತೆ ಕೊಂಕಣಿಯಲ್ಲಿ ಏನೋ ಪಿಸುಗುಟ್ಟಿದರು. ಬೆಲೆಯ ವಿಷಯದಲ್ಲಿ ಚೌಕಾಶಿಯನ್ನೇ ಮಾಡಲಿಲ್ಲ. ಮರುದಿನ ಗುಂಪಿನಿಂದ ವಾಷಿಂಗ್ ಮಷೀನು, ಊಟದ ಮೇಜು ಎರಡೂ ಮಾಯವಾದವು. ಬೇರೆ ಯಾರೋ ಕೊಂಡರೆಂದು ನಾನು ತಿಳಿದೆ.

ಮುಂದೆ ಏನಾಯಿತೆಂದು ಚುಟುಕಾಗಿ ಹೇಳುತ್ತೇನೆ, ವಿವರವಾಗಿ ಹೇಳಲು ಹೊಟ್ಟೆ ಉರಿಯುತ್ತದೆ. ಶಿಲಿಂಗ್ ಬೀಳಲಿಲ್ಲ, ಎದ್ದಿತು. ಎದ್ದದ್ದು ಹಾಗೇ ನಿಂತಿತು. ನನ್ನ ಡಾಲರುಗಳನ್ನು ವಾಪಸ್ ಮಾಡಿದರೆ ಅನನ್ಯಳ ಒಂದು ಟರ್ಮಿನ ಫೀಸಿನಷ್ಟು ಕಡಿಮೆ ಬರುತ್ತಿತ್ತು. ಮಗಳು ಒಂದು ಸಲ “ಇಟ್ಸ್ ಓಕೆ ಅಪ್ಪಾ” ಎಂದಳು, ಅದು ಬೈದದ್ದಕ್ಕಿಂತ ಹೆಚ್ಚು ನೋಯಿತು. ಅವಳ ದುಡ್ಡಿನ ಜತೆ ನಾನು ಆಟವಾಡಿದ್ದೆ, ಅದೂ ಇನ್ನೊಬ್ಬರ ಊಟದ ಮೇಜನ್ನು ನಂಬಿಕೊಂಡು.

ಆ ವಾರವೇ ಶೆಣೈ ಒಂದು ಡಬ್ಬಿ ಮೈಸೂರುಪಾಕು ಹಿಡಿದು ಮನೆಗೆ ಬಂದರು. ತಮ್ಮದೇ ಹಳೆಯ ಸೋಫಾದ ಮೇಲೆ ಕೂತು ನನ್ನ ಕೈ ಹಿಡಿದುಕೊಂಡರು.

“ನಿಮ್ಮ ಉಪಕಾರ ಮರೆಯುವ ಹಾಗಿಲ್ಲ ಮಾರಾಯ್ರೆ.”

“ನಾನೇನು ಮಾಡಿದೆ?”

“ಸುಮ್ನಿರಿ! ಬ್ಯಾಂಕಿನವರು ಸೋಫಾ ಕಳಿಸಿದ್ರು, ಇನ್ನು ಇಲ್ಲಿ ಉಳಿಗಾಲ ಇಲ್ಲ ಅಂತ ನಾನು ಸಾಮಾನು ಮಾರ್ಲಿಕ್ಕೆ ಹೊರಟದ್ದು. ಅಷ್ಟರಲ್ಲಿ ನೀವೇ ಬಂದು ನನ್ನ ಸೋಫಾ ತಗೊಂಡ್ರಿ. ಆಗ ನನಗೆ ಲೈಟ್ ಹತ್ತಿತು. ಇವರಿಗೆ ಗೊತ್ತುಂಟು, ಎಲ್ಲ ಸರಿಯಾಗ್ತದೆ, ಅದಕ್ಕೇ ಹೆದರಿದವರ ಹತ್ರ ಕಡಿಮೆಗೆ ಕೊಳ್ತಿದ್ದಾರೆ ಅಂತ. ಇದ್ದದ್ದೆಲ್ಲ ಶಿಲಿಂಗಿನಲ್ಲೇ ಒಂದು ವರ್ಷಕ್ಕೆ ಇಟ್ಟುಬಿಟ್ಟೆ. ಒಳ್ಳೆ ಬಡ್ಡಿ ಉಂಟು.”

ಪದ್ಮಿನಿ ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ಕಲ್ಲಾಗಿ ನಿಂತಿದ್ದಳು. ತಿಗಣೆಯ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅವಳು ಕಣ್ಣಲ್ಲೇ ಬೇಡ ಎಂದಳು. ನಾನು ಒಂದು ಮೈಸೂರುಪಾಕು ಬಾಯಿಗೆ ಹಾಕಿಕೊಂಡು, “ಕಾದು ನೋಡಿದ್ರಲ್ಲ, ಒಳ್ಳೇದಾಯ್ತು” ಎಂದೆ.

ಬುದ್ಧಿವಂತನಾದವನು ಇಲ್ಲಿಗೆ ಪಾಠ ಕಲಿಯಬೇಕಿತ್ತು. ಶೆಣೈ ನನ್ನನ್ನು ನೋಡಿ, ನಾನು ಶೆಣೈಯವರನ್ನು ನೋಡಿ, ಇಬ್ಬರೂ ಎಲೆ ಮುಂದೆ ಕೂತು ಊಟವನ್ನೇ ಮಾಡದ ಕಥೆ ಇದು ಎಂದು ನನಗೂ ಹೊಳೆಯಿತು. ಆದರೂ ಒಳಗಿನಿಂದ ಸೋದರಮಾವ ಕೇಳಿದ: ಏನೇ ಆದರೂ ಲಾಭ ಮಾಡಿದ್ದು ಯಾರು, ಅವರೇ ತಾನೆ? ಮರುದಿನ ಡಾಲರನ್ನೆಲ್ಲ ವಾಪಸ್ ಶಿಲಿಂಗಿಗೆ ತಂದು, ಶೆಣೈಯವರು ಇಟ್ಟ ಹಾಗೆಯೇ ಒಂದು ವರ್ಷದ ಠೇವಣಿ ಇಟ್ಟೆ. ನಡುವೆ ಮುರಿದರೆ ಬಡ್ಡಿಯೆಲ್ಲ ಹೋಗುತ್ತದೆ ಎಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿತ್ತು. ವರ್ಷ ಸುಮ್ಮನಿದ್ದರೆ, ಕಳೆದುಕೊಂಡ ಟರ್ಮಿನ ಫೀಸು ಆ ಬಡ್ಡಿಯಲ್ಲೇ ಹೆಚ್ಚುಕಡಿಮೆ ವಾಪಸ್ ಬರುತ್ತದೆ. ಸುಮ್ಮನಿರುವುದಕ್ಕೆ ಏನು ಕಷ್ಟ?

ಹೋದ ವಾರ ಟೀವಿ ನೋಡುತ್ತಾ ಕೂತಿದ್ದಾಗ ತೊಡೆಯ ಹಿಂದೆ ಚುರುಕ್ ಎಂದಿತು. ಎದ್ದು ದಿಂಬು ಸರಿಸಿ ನೋಡಿದೆ. ಗೋಡೆಯ ಸಂದಿಯಲ್ಲೋ ತುಮಕೂರಿನ ಕಪಾಟಿನಲ್ಲೋ ಅಡಗಿದ್ದ ಹಳೆಯ ಬಾಡಿಗೆದಾರರು ಹೊಸ ಮನೆಗೆ ವಾಸ ಬದಲಾಯಿಸಿದ್ದರು.

“ನಾಳೇನೇ ಗಾಡಿಯವನನ್ನ ಕರೀರಿ, ಇದೂ ಹೊರಗೆ ಹೋಗ್ಲಿ” ಎಂದಳು ಪದ್ಮಿನಿ.

ನಾನು ಗಾಬರಿಯಾಗಿ ಅವಳ ಬಾಯಿ ಮುಚ್ಚಿಸಿದೆ. ಈ ಸೋಫಾ ಗೇಟು ದಾಟಿದರೆ ಏನಾಗುತ್ತದೆಂದು ಅವಳಿಗೆ ಗೊತ್ತೇ? ಬ್ಯಾಂಕಿನವನು ಮತ್ತೆ ಸೋಫಾ ಕಳಿಸಿದ ಎಂದು ಶೆಣೈ ಠೇವಣಿ ಮುರಿಯುತ್ತಾರೆ, ಊಟದ ಮೇಜು ಮಾರುತ್ತಾರೆ. ಅವರು ಓಡಿದ್ದು ಕಂಡರೆ ನಾನೂ ಓಡುತ್ತೇನೆ. ತಿಗಣೆಯ ಕಾರಣಕ್ಕೇ ಓಡಿದರೆಂದು ಗೊತ್ತಿದ್ದೂ ಓಡುತ್ತೇನೆ. ನನ್ನನ್ನು ನಾನು ಐವತ್ತು ವರ್ಷದಿಂದ ಬಲ್ಲೆ. ಮಗಳ ಫೀಸು ಉಳಿಯಬೇಕಾದರೆ ನಾನು ಸುಮ್ಮನಿರಬೇಕು, ನಾನು ಸುಮ್ಮನಿರಬೇಕಾದರೆ ಶೆಣೈ ಸುಮ್ಮನಿರಬೇಕು, ಶೆಣೈ ಸುಮ್ಮನಿರಬೇಕಾದರೆ ಈ ಸೋಫಾ ಇಲ್ಲಿಂದ ಅಲುಗಬಾರದು.

“ವೈ ಡೋಂಟ್ ಯು ಜಸ್ಟ್ ಟೆಲ್ ಹಿಮ್?” ಎಂದಳು ಅನನ್ಯ. ಅವಳು ಯಾವಾಗಲೂ ಹೀಗೆ, ಸರಿಯಾದದ್ದನ್ನೇ ಹೇಳಿ ತೊಂದರೆ ಕೊಡುತ್ತಾಳೆ.

ಈಗ ಸೋಫಾವನ್ನು ಕಿಟಕಿಯ ಹತ್ತಿರಕ್ಕೆ ಎಳೆದಿದ್ದೇವೆ, ಎದುರಿನ ಬಾಲ್ಕನಿಗೆ ಚೆನ್ನಾಗಿ ಕಾಣುವಂತೆ. ಪದ್ಮಿನಿ ವಾರಕ್ಕೊಮ್ಮೆ ಸಂದಿಗಳಿಗೆ ಬೇವಿನೆಣ್ಣೆ ಬಿಡುತ್ತಾಳೆ. ತಾನು ಮಾತ್ರ ಚಾಪೆಯ ಮೇಲೆ ಕೂರುತ್ತಾಳೆ, ಅವಳ ಮಂಡಿ ಈಗ ಸರಿಹೋಗಿದೆಯಂತೆ. ಠೇವಣಿ ಮುಗಿಯಲು ಇನ್ನೂ ಹತ್ತು ತಿಂಗಳಿದೆ. ನಾನು ಪ್ರತಿ ಸಂಜೆ ಆಫೀಸಿನಿಂದ ಬಂದು, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿಕೊಂಡು, ಅಲ್ಲಿ ಅರ್ಧ ಗಂಟೆ ಪೇಪರ್ ಓದುತ್ತೇನೆ. ಎದುರಿನಿಂದ ಶೆಣೈ ಕಾಫಿ ಲೋಟ ಎತ್ತಿ, “ಎಲ್ಲ ಆರಾಮಾ ಮೂರ್ತಿಯವರೇ?” ಎಂದು ಕೇಳುತ್ತಾರೆ. ನಾನು ಕೆರೆದುಕೊಳ್ಳುವುದನ್ನು ನಿಲ್ಲಿಸಿ ಕೈ ಬೀಸುತ್ತೇನೆ.