ತಾನಾಗಿ ಬಾಯಿ ಬಿಡದ ಪೆಟ್ಟಿಗೆ

ಆರ್ಕೆಸ್ಟ್ರಾದಲ್ಲಿ ಹಾರ್ಮೋನಿಯಂ ಹಿಡಿದು ಕೂತವನಿಗೆ ಊಟ, ನಿದ್ದೆ ಎರಡೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಫಜೀತಿ ಮಾತ್ರ ತಪ್ಪದೆ ಬರುತ್ತದೆ, ಅದೂ ನಮಗಿಂತ ಮೊದಲೇ ಮಂಟಪಕ್ಕೆ ಹೋಗಿ ಕೂತಿರುತ್ತದೆ.

ನಮ್ಮದು ಸಿಂಧನೂರಿನ ಒಂದು ಸಣ್ಣ ಆರ್ಕೆಸ್ಟ್ರಾ. ಒಬ್ಬರು ಮಾಲಕರು, ಕ್ಲಾರಿನೆಟ್ ನುಡಿಸುವ ಅವರ ಕಾಕಾ, ಒಬ್ಬ ಢೋಲಕ್‌ನವ, ಹಾಡುವ ಒಬ್ಬ ಅಕ್ಕ, ಮತ್ತು ನಾನು. ಸುತ್ತಿನ ಹಳ್ಳಿಗಳಿಂದ ಹಿಡಿದು ಮಸ್ಕಿ, ಲಿಂಗಸುಗೂರಿನವರೆಗೆ ಮದುವೆಗಳಿಗೆ ಹೋಗುತ್ತಿದ್ದೆವು. ಫಜೀತಿಗಳು ಮೊದಲೂ ಇದ್ದವು. ಆದರೆ ತೊಂಬತ್ತರ ದಶಕದಲ್ಲಿ ನಮ್ಮ ನಡುವೆ ಒಂದು ಪೆಟ್ಟಿಗೆ ಬಂದು ಸೇರಿಕೊಂಡ ಮೇಲೆ ಆದವು ಬೇರೆಯೇ ತರಹದವು.

ಎಲ್ಲಿ ಬಡೀಬೇಕು?

ಆ ವರ್ಷ ಕಾಕಾಗೆ ಉಬ್ಬಸ ಹೆಚ್ಚಾಯಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, "ಕಾಕಾ, ಒಂದೋ ಊದೋದು ಬಿಡ್ರಿ, ಇಲ್ಲಾಂದ್ರ ನನ್ನ ಕಡೆ ಬರೋದು ಬಿಡ್ರಿ" ಅಂದುಬಿಟ್ಟರು. ಕ್ಲಾರಿನೆಟ್ ಇಲ್ಲದಿದ್ದರೆ ನಮ್ಮನ್ನು ಮದುವೆಗೆ ಯಾರೂ ಕರೆಯುತ್ತಿರಲಿಲ್ಲ. ಬೇರೆ ಊದುವವನನ್ನು ಕರೆತರಲು ಮಾಲಕರಿಗೆ ಮನಸ್ಸು ಬರಲಿಲ್ಲ. ಕಾಕಾನ ಜಾಗದಲ್ಲಿ ಕಾಕಾನ ಕಣ್ಣೆದುರಿಗೇ ಇನ್ನೊಬ್ಬ ಕೂರುವುದು ಹೇಗೆ? ಅವರು ಹೈದರಾಬಾದಿಗೆ ಹೋಗಿ ಬಂದರು. ಬರುವಾಗ ತೊಡೆಯ ಮೇಲೆ ಒಂದು ಕಪ್ಪು ಪೆಟ್ಟಿಗೆ ಇಟ್ಟುಕೊಂಡಿದ್ದರು.

ಮಾಲಕರ ಮನೆಯಲ್ಲಿ ಚಾಪೆ ಹಾಸಿ, ಪೆಟ್ಟಿಗೆಗೆ ಕುಂಕುಮ ಹಚ್ಚಿ, ಕಾಯಿ ಒಡೆದೆವು. ನೋಡಿದರೆ ಅದಕ್ಕೆ ಹಾರ್ಮೋನಿಯಂನಂತೆ ಒತ್ತಲು ಮನೆ ಇಲ್ಲ, ಮೀಟಲು ತಂತಿ ಇಲ್ಲ, ಊದಲು ತೂತಿಲ್ಲ. ಮುಂದೆ ಒಂದು ಸ್ವಿಚ್ಚು, ಒಂದು ಕೆಂಪು ದೀಪ, ಅಷ್ಟೇ. ಢೋಲಕ್‌ನವ ಅದನ್ನು ಎತ್ತಿ, ತಿರುಗಿಸಿ, ಬೋರಲು ಹಾಕಿ ನೋಡಿದ.

"ಮಾಲಕ್ರೀ, ಇದನ್ನ ಎಲ್ಲಿ ಬಡೀಬೇಕು?"

"ಬಡಿಯಂಗಿಲ್ಲಲೇ. ಇದರಾಗ ಕ್ಲಾರಿನೆಟ್ಟು, ಪಿಟೀಲು, ಸನಾದಿ ಎಲ್ಲಾ ಅದಾವ. ಆದ್ರ ಇದಕ್ಕ ಕಂಪ್ಯೂಟರ್ ಹಚ್ಚಬೇಕು. ಕಂಪ್ಯೂಟರ್ ಹೇಳಿದ್ರ ನುಡೀತೈತಿ, ಹೇಳಲಿಲ್ಲಂದ್ರ ಸುಮ್ಮನ ಕುಂಡ್ರತೈತಿ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಒಳಗೆ ಕೂತ ಅತ್ತೆಯ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡಿದರು.

"ಹೇಳಿಕೊಟ್ರಷ್ಟ ಬಾಯಿ ಬಿಡೋರು ನಮ್ಮನ್ಯಾಗ ಮೊದಲ ಒಬ್ರು ಅದಾರಲ್ರೀ, ಮತ್ತ ಇನ್ನೊಂದ್ಯಾಕ ತಂದ್ರಿ?"

ದಮ್ಮು

ಆಗ ಊರಿಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರ್, ಅದನ್ನು ಕಲಿಸುವ ಒಂದು ಮಹಡಿ ಮೇಲಿನ ಕ್ಲಾಸಿನಲ್ಲಿ. ಪರದೆ ಹಾಕಿದ ಕೋಣೆ, ಹೊರಗೆ ಚಪ್ಪಲಿ ಬಿಡಬೇಕು. ಒಳಗೆ ಹೋದವರು ಏಕೋ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಅಲ್ಲಿ ಕಲಿಸುವ ಸರ್ ಹಾಡಿನ ಹುಚ್ಚಿನವರು. ಕ್ಲಾಸು ಮುಗಿದ ಮೇಲೆ ಬನ್ನಿ ಎಂದರು.

ಕಾಕಾ ಗೋಡೆಗೆ ಒರಗಿ ಕೂತು ಹಾಡಿನ ಸ್ವರಗಳನ್ನು ಬಾಯಲ್ಲಿ ಹೇಳುತ್ತಿದ್ದರು. ಸರ್ ಒಂದೊಂದನ್ನೇ ಕಂಪ್ಯೂಟರಿಗೆ ಬಡಿಯುತ್ತಿದ್ದರು. ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಜಾರಬೇಕು ಎಂದು ಕಾಕಾ ಕೈಯಾಡಿಸಿ ತೋರಿಸುತ್ತಿದ್ದರು. ವಾರಗಟ್ಟಲೆ ಕೂತ ಮೇಲೆ ಒಂದು ಹಾಡು ತಯಾರಾಯಿತು. ಸರ್ ತಂತಿ ಸಿಕ್ಕಿಸಿ ಒಂದು ಗುಂಡಿ ಒತ್ತಿದರು. ಪೆಟ್ಟಿಗೆ ಕ್ಲಾರಿನೆಟ್ ಆಗಿ ನುಡಿಯಿತು. ನಮಗೆಲ್ಲ ಮೈ ಜುಮ್ಮೆಂದಿತು. ಕಾಕಾ ಮಾತ್ರ ಎದೆ ಹಿಡಿದುಕೊಂಡು ಬೆವರತೊಡಗಿದರು.

"ಏನಾತು ಕಾಕಾ?"

"ನಿಲ್ಲಸ್ರೋ ಅದನ್ನ! ಆಗಿಂದ ಊದಾಕತ್ತೈತಿ, ಒಂದ ಸಲನೂ ಉಸುರು ತಗೊಂಡಿಲ್ಲ. ಸತ್ತಗಿತ್ತೀತು!"

ಅದಕ್ಕೆ ಉಸಿರು ಬೇಕಿಲ್ಲ ಎಂದು ಸರ್ ಎಷ್ಟು ಹೇಳಿದರೂ ಕಾಕಾ ಕೇಳಲಿಲ್ಲ. "ನನ್ನ ಸ್ವರ ಅಂದಮ್ಯಾಲ ನನ್ನಂಗ ಊದಬೇಕು" ಎಂದು ಹಟ ಹಿಡಿದು, ಹಾಡಿನುದ್ದಕ್ಕೂ ತಾವು ಉಸಿರೆಳೆದುಕೊಳ್ಳುವ ಕಡೆಯಲ್ಲೆಲ್ಲ ಜರಾ ಜರಾ ಖಾಲಿ ಬಿಡಿಸಿದರು. ಕೇಳಿದರೆ ಥೇಟ್ ಕಾಕಾನೇ.

ಸಾಲಗುಂದದ ಒಂದು ಮದುವೆಯಲ್ಲಿ ಆ ಹಾಡು ಮುಗಿದ ಮೇಲೆ ಒಬ್ಬ ಹಿರಿಯರು ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು: "ನಿಮ್ಮ ಪೆಟ್ಟಿಗಿ ಭಾಳ ಛಲೋ ನುಡಿತೈತ್ರಿ. ಆದ್ರ ಅದಕ್ಕ ದಮ್ಮು ಇದ್ದಂಗ ಐತಿ, ಯಾರಿಗ್ಯಾರ ತೋರಸ್ರಿ."

ಹೆಸರು ಮುಗೀಲಿಲ್ಲ

ಪೆಟ್ಟಿಗೆ ಹೋದಲ್ಲೆಲ್ಲ ಕಂಪ್ಯೂಟರೂ ಹೋಗಬೇಕಾಯಿತು. ಸರ್ ಪಾಪ, ಕೊಡುವುದಿಲ್ಲ ಎನ್ನುತ್ತಿರಲಿಲ್ಲ. ಜೀಪಿನಲ್ಲಿ ಅದಕ್ಕೆ ಮುಂದಿನ ಸೀಟು, ಏಟು ಬೀಳದಂತೆ ಸುತ್ತಲು ಹಳೆ ಸೀರೆ ಹೊಲಿದ ಎರಡು ಕೌದಿ. ಹಾಡುವ ಅಕ್ಕ ಹಿಂದೆ, ಸ್ಪೀಕರ್ ಡಬ್ಬಿಗಳ ನಡುವೆ. "ನಾ ಹಾಡಾಕಿ, ನನಗ ಕೌದಿ ಇಲ್ಲ. ಆ ಡಬ್ಬಿಗೆ ಎರಡು ಕೌದಿ" ಎಂದು ಆಕೆ ಗೊಣಗುತ್ತಿದ್ದಳು. ಕಾಲುವೆ ಏರಿಯ ಮೇಲೆ ಜೀಪು ಕುಣಿದಾಗೆಲ್ಲ ಮಾಲಕರು ಕೌದಿಯನ್ನೇ ತಟ್ಟಿ ಸಮಾಧಾನ ಮಾಡುತ್ತಿದ್ದರು.

ಗೊರೇಬಾಳದ ಮದುವೆಯಲ್ಲಿ ವೇದಿಕೆಯ ಒಂದು ಮೂಲೆಗೆ ಮೇಜು ಹಾಕಿ ಕಂಪ್ಯೂಟರ್ ಇಟ್ಟೆವು. ಹಾಡು ಶುರುವಾಯಿತು. ಪರದೆಯ ಮೇಲೆ ಹಾಡಿನ ಸ್ವರಗಳು ಸಾಲುಸಾಲಾಗಿ ಇಂಗ್ಲಿಷ್ ಅಕ್ಷರದಲ್ಲಿ ಕೆಳಗಿನಿಂದ ಮೇಲಕ್ಕೆ ಓಡತೊಡಗಿದವು. ಆ ಕ್ಷಣಕ್ಕೆ ಚಪ್ಪರದಲ್ಲಿದ್ದ ಹೆಣ್ಣುಮಕ್ಕಳೆಲ್ಲ ಎದ್ದು ಬಂದು, ಅಕ್ಕನಿಗೆ ಬೆನ್ನು ಹಾಕಿ, ಕಂಪ್ಯೂಟರಿನ ಮುಂದೆ ಪಟ್ಟಾಗಿ ಕೂತುಬಿಟ್ಟರು. ಅಕ್ಕ ಕೈಯೆತ್ತಿ ಹಾಡಿದಳು, ಕುಣಿದು ಹಾಡಿದಳು. ಒಬ್ಬರೂ ತಿರುಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಒಬ್ಬ ಅಜ್ಜಿಯಂತೂ ಎಲೆಯಡಿಕೆ ಮಡಿಚಿದ್ದನ್ನು ಬಾಯಿಗೆ ಹಾಕಿಕೊಳ್ಳುವುದನ್ನೂ ಮರೆತು ನೋಡುತ್ತಿದ್ದಳು.

ಹಾಡುಗಳೆಲ್ಲ ಮುಗಿದವು. ಕಂಪ್ಯೂಟರ್ ಆರಿಸಿದೆವು. ಅಜ್ಜಿ ಮೊಣಕಾಲಿಗೆ ಕೈಕೊಟ್ಟು ಎದ್ದು, ಭಾಳ ಬೇಸರದಿಂದ ಮಾಲಕರನ್ನು ಕೇಳಿದಳು:

"ಯಪ್ಪಾ, ಇಷ್ಟೊತ್ತು ಕುಂತ್ರೂ ಬರೇ ಹೆಸರ ಓಡಿದ್ವಲ್ಲೋ. ಪಿಕ್ಚರ್ ಯಾವಾಗ ಬಿಡಾವ್ರು?"

ಅತ್ತಿಮನಿ

ಸರ್ ಎಲ್ಲ ಮದುವೆಗೂ ಬರಲಾಗುತ್ತಿರಲಿಲ್ಲ. ನಮಗೋ ಆ ಗುಂಡಿಗಳ ಹೆದರಿಕೆ. ಅದಕ್ಕೆ ಅವರು ಒಂದು ಉಪಕಾರ ಮಾಡಿದರು. ಕಂಪ್ಯೂಟರಿಗೆ ಕರೆಂಟು ಬಂದರೆ ಸಾಕು, ಹಾಡು ತಾನೇ ಶುರುವಾಗಬೇಕು, ಹಾಗೆ ಮಾಡಿಕೊಟ್ಟರು. ಕಂಪ್ಯೂಟರ್ ಹಾಡುಗಳನ್ನು ಇಂಗ್ಲಿಷ್ ಎಬಿಸಿಡಿ ಪ್ರಕಾರ ಸಾಲಾಗಿ ಹಚ್ಚಿಕೊಂಡಿತು. ಮಗಳನ್ನು ಗಂಡನ ಮನೆಗೆ ಕಳಿಸುವಾಗಿನ ಹಾಡಿಗೆ ನಾವು 'ಅತ್ತಿಮನಿ' ಎಂದು ಹೆಸರಿಟ್ಟಿದ್ದೆವು. 'ಎ' ಅಕ್ಷರದಿಂದ ಶುರುವಾಗುವ ಹಾಡು ಅದೊಂದೇ. ಹೀಗಾಗಿ ಅದು ಎಲ್ಲಕ್ಕಿಂತ ಮೊದಲು ಹೋಗಿ ನಿಂತಿತು. ಇದು ನಮಗಾಗಲಿ ಸರ್‌ಗಾಗಲಿ ಹೊಳೆಯಲಿಲ್ಲ.

ಮಸ್ಕಿಯಲ್ಲಿ ಅವತ್ತು ಕರೆಂಟಿನ ಕಣ್ಣುಮುಚ್ಚಾಲೆ. ಮದುಮಗ ಕುದುರೆಯಿಂದ ಇಳಿಯುತ್ತಿದ್ದಾನೆ, ನಾವು ಕರೆಂಟಿಲ್ಲದೆ ಢೋಲಕ್, ಹಾರ್ಮೋನಿಯಂ ಮೇಲೇ ಜೋರಾಗಿ ಕುಣಿಯುವ ಹಾಡು ಹಚ್ಚಿದ್ದೇವೆ. ಅಷ್ಟರಲ್ಲಿ ಕರೆಂಟ್ ಬಂತು. ಪೆಟ್ಟಿಗೆ ಕಾಕಾನ ಕ್ಲಾರಿನೆಟ್ಟಿನಲ್ಲಿ 'ಅತ್ತಿಮನಿ' ನುಡಿಯತೊಡಗಿತು. ಮದುಮಗಳ ತಾಯಿ ಕೈಯಲ್ಲಿದ್ದ ಆರತಿ ತಟ್ಟೆ ಕೆಳಗಿಟ್ಟು ಕಣ್ಣಿಗೆ ಸೆರಗು ಹಚ್ಚಿದಳು. ನಾವು ಹೇಗೋ ಒಂದು ಗುಂಡಿ ಒತ್ತಿ ನಿಲ್ಲಿಸಿದೆವು. ಅರಿಸಿನ ನೀರಿನ ಹೊತ್ತಿಗೆ ಮತ್ತೆ ಕರೆಂಟ್ ಹೋಯಿತು, ಬಂತು. ಮತ್ತೆ 'ಅತ್ತಿಮನಿ'. ಈ ಸಲ ಚಿಕ್ಕಮ್ಮಂದಿರೂ ಅತ್ತರು. ಇನ್ನೊಮ್ಮೆ ಬಂದಾಗ ಇಡೀ ಚಪ್ಪರದ ಹೆಂಗಸರು ಒಬ್ಬರ ಕೊರಳಿಗೆ ಒಬ್ಬರು ಬಿದ್ದು ಅಳುತ್ತಿದ್ದರು. ಮದುಮಗನ ಕಡೆಯ ಒಬ್ಬ ಮಾವ ಗಾಬರಿಯಾಗಿ, "ಏನ್ರೀ, ಯಾರರ ತೀರಿಕೊಂಡಾರೇನು?" ಎಂದು ಕೇಳಿದ.

ಕೊನೆಗೆ ಮದುಮಗಳೇ ಬಾಸಿಂಗ ಸರಿಮಾಡಿಕೊಂಡು ತಾಯಿಯ ಮೇಲೆ ರೇಗಿದಳು:

"ಯವ್ವಾ, ಸಾಕ ಮಾಡ. ಇನ್ನಾ ತಾಳಿನ ಕಟ್ಟಿಲ್ಲ, ಆಗಲೇ ಮೂರು ಸಲ ಕಳಿಸಿಬಿಟ್ಟಿ ನನ್ನ!"

ಕಾಲ ಮ್ಯಾಲ ನಿಲ್ಲೋದು

ಅವತ್ತು ಜೀಪಿನಲ್ಲಿ ಬರುವಾಗ ಜಗಳವೇ ಆಯಿತು. ಢೋಲಕ್‌ನವ ಕೆಂಡವಾಗಿದ್ದ.

"ಒಂದು ವಾದ್ಯ ಅಂದ್ರ ತನ್ನ ಕಾಲ ಮ್ಯಾಲ ನಿಂದ್ರಬೇಕ್ರೀ ಮಾಲಕ್ರ. ಕರೆಂಟ್ ಬೇಕು, ಕಂಪ್ಯೂಟರ್ ಬೇಕು, ಸರ್ ಬೇಕು, ಎರಡು ಕೌದಿ ಬೇಕು! ಇದೆಂಥಾ ವಾದ್ಯ? ಇದು ಬೀಗರು!"

ಮಾಲಕರು ಕೌದಿಯ ಅಂಚನ್ನು ಒಳಗೆ ತುರುಕಿದರು. ಅವರಿಗೂ ಅದೇ ಅನ್ನಿಸಿತ್ತು ಎಂದು ಕಾಣುತ್ತದೆ. ಮುಂದಿನ ಮದುವೆಗೆ ನಮ್ಮನ್ನು ಯಾರಾದರೂ ಕರೆದಾರೋ ಇಲ್ಲವೋ ಎಂಬ ಚಿಂತೆ ಬೇರೆ. ಕಿಟಕಿಯ ಹತ್ತಿರ ಕೂತಿದ್ದ ಕಾಕಾ ಮೆಲ್ಲಗೆ ಮಾತು ತೆಗೆದರು.

"ನನ್ನ ಎದಿ ಕೈಕೊಟ್ಟ ಮ್ಯಾಲ ನನ್ನ ಸ್ವರ ಉಳದಿದ್ದು ಅದರಾಗಷ್ಟ. ನಾನೂ ಈಗ ಗುಳಿಗಿ ಮ್ಯಾಲ, ಡಾಕ್ಟರ್ ಮ್ಯಾಲ, ನಮ್ಮಣ್ಣನ ಮಗ ಈ ಮಾಲಕನ ಮ್ಯಾಲ ನಿಂತೀನಿ. ಅಷ್ಟಕ್ಕ ನನ್ನನ್ನೂ ಜೀಪಿನಿಂದ ಇಳಸ್ತೀಯೇನು?"

ಢೋಲಕ್‌ನವನ ಮುಖ ಸಣ್ಣದಾಯಿತು. ಕಾಕಾ ಅವನ ಬೆನ್ನಿನ ಮೇಲೆ ಕೈಯಿಟ್ಟು ಅಂದರು:

"ಮತ್ತ ತನ್ನ ಕಾಲ ಮ್ಯಾಲ ನಿಂದ್ರಬೇಕು ಅಂತೀಯಲ್ಲ, ನಿನ್ನ ಢೋಲಕ್ಕಿಗೆ ಕಾಲ ಎಲ್ಲಿ ಅದಾವಲೇ? ಹುಟ್ಟಿದಾಗಿಂದ ನಿನ್ನ ತೊಡಿ ಮ್ಯಾಲ ಕುಂತೈತಿ!"

ಲಿಂಗಸುಗೂರಿನ ಪರೀಕ್ಷೆ

ಮುಂದೆ ಮಾಲಕರು ಕಂಪ್ಯೂಟರಿನ ಹಂಗಿಲ್ಲದ ಕೀಬೋರ್ಡ್ ಕೊಂಡರು. ಅದರ ಹೊಟ್ಟೆಯಲ್ಲೇ ಕ್ಲಾರಿನೆಟ್ ಇತ್ತು, ಕಾಕಾ ಊದದೆ ಬೆರಳಲ್ಲೇ ನುಡಿಸಲು ಕಲಿತರು. ಆ ನಿರ್ಧಾರಕ್ಕೆ ಕಾರಣವಾದದ್ದು ಲಿಂಗಸುಗೂರಿನ ಒಂದು ಮದುವೆ.

ಮದುಮಗಳು ಸಿಂಧನೂರಿನವಳು, ನಮ್ಮ ಸರ್ ಹತ್ತಿರವೇ ಕಂಪ್ಯೂಟರ್ ಕಲಿಯುತ್ತಿದ್ದಳು. ಹೀಗಾಗಿ ಕ್ಲಾಸಿನ ಹುಡುಗಿಯರೆಲ್ಲ ಮದುವೆಗೆ ಬಂದಿದ್ದರು. ಕಂಪ್ಯೂಟರೂ ಪೆಟ್ಟಿಗೆಯ ಜೊತೆ ಬಂದಿತ್ತು. ಆ ವಾರದ ಕೊನೆಗೆ ಬರಬೇಕಾಗಿದ್ದ ಪರೀಕ್ಷೆಯ ಸಾಹೇಬರು ಅವತ್ತೇ ಸಿಂಧನೂರಿಗೆ ಬಂದು ಇಳಿದುಬಿಟ್ಟರು. ಮಹಡಿ ಹತ್ತಿ ನೋಡಿದರೆ ಖಾಲಿ ಮೇಜು. ಸರ್ ಬಿಟ್ಟರೆ ಅಲ್ಲಿ ಯಾರೂ ಇಲ್ಲ.

"ಕಂಪ್ಯೂಟರ್ ಎಲ್ಲಿ?"

"ಮದುವಿಗೆ ಹೋಗೈತ್ರಿ ಸರ್."

"ವಿದ್ಯಾರ್ಥಿಗಳು?"

"ಅವರೂ ಅದರ ಜೋಡಿನ ಹೋಗ್ಯಾರ್ರೀ."

ಸಾಹೇಬರಿಗೆ ಮತ್ತೆ ಬರಲು ಪುರಸೊತ್ತಿಲ್ಲ, ಹುಡುಗಿಯರ ವರ್ಷ ಹಾಳಾಗುತ್ತದೆ. ಸರ್ ಸಾಹೇಬರ ಕೈಕಾಲು ಹಿಡಿದು ಬಸ್ಸಿಗೆ ಹತ್ತಿಸಿಕೊಂಡು ಲಿಂಗಸುಗೂರಿಗೆ ಕರೆತಂದರು. ಅಕ್ಷತೆ ಬಿದ್ದು ಅರಗಳಿಗೆ ಆಗಿತ್ತಷ್ಟೇ. ಸಾಹೇಬರು ಬಂದವರೇ ಪೆಟ್ಟಿಗೆಯ ತಂತಿ ಕೀಳಿಸಿದರು. ಹಾಡು ನಿಂತಿತು.

"ಬಾಜಾ ಯಾಕ ಬಂದ್ ಆತು?" ಎಂದು ಬೀಗರು ಎದ್ದು ನಿಂತರು. ಮಾಲಕರ ಮುಖ ಸುಣ್ಣದಂತಾಯಿತು. ಬೇರೆ ದಾರಿ ಇರಲಿಲ್ಲ. ನಾನು ಹಾರ್ಮೋನಿಯಂ ಎಳೆದುಕೊಂಡೆ, ಢೋಲಕ್‌ನವ ಅಂಗಿ ತೋಳು ಮಡಿಚಿದ, ಅಕ್ಕ ಸೆರಗು ಸಿಕ್ಕಿಸಿ ದನಿ ಎತ್ತಿದಳು. ಜನ ತಲೆದೂಗುತ್ತ ಊಟಕ್ಕೆ ಕೂತರು. ಬೀಗರು ಬಂದು, "ಈಗ ಛಲೋ ಆತು ನೋಡ್ರಿ, ಆಗಿಂದ ಇದನ್ನ ಯಾಕ ಮುಚ್ಚಿಟ್ಟಿದ್ರಿ?" ಎಂದರು. ಮಾಲಕರು ಪೆಟ್ಟಿಗೆಯ ಕಡೆ ನೋಡಿದರು.

ಆ ಕಡೆ ಹುಡುಗಿಯರು ಒಬ್ಬೊಬ್ಬರಾಗಿ ಪರೀಕ್ಷೆ ಮುಗಿಸಿದರು. ಕೊನೆಗೆ ಮದುಮಗಳ ಸರದಿ. ಬಾಸಿಂಗ ಕಟ್ಟಿಕೊಂಡೇ ಬಂದು ಕೂತಳು. ಸೆರಗಿನ ಗಂಟು ಮದುಮಗನ ಶಲ್ಯಕ್ಕೆ ಬಿದ್ದಿತ್ತಲ್ಲ, ಅವನೂ ಹಿಂದೆಯೇ ಬಂದ.

"ಪರೀಕ್ಷಾ ಬರೆಯೋರ ಪಕ್ಕಕ್ಕ ಯಾರೂ ನಿಲ್ಲಂಗಿಲ್ಲ. ಯಾರಿವರು?" ಎಂದರು ಸಾಹೇಬರು.

"ಗಂಡರೀ," ಎಂದಳು ಮದುಮಗಳ ಸೋದರತ್ತೆ. "ಈಗರ ಗಂಟ ಹಾಕೀವಿ, ಬಿಚ್ಚಂಗಿಲ್ಲ."

ಸಾಹೇಬರು ಯೋಚಿಸಿ ಮದುಮಗನನ್ನು ಕೇಳಿದರು: "ನಿಮಗ ಕಂಪ್ಯೂಟರ್ ಬರ್ತೈತೇನು?"

"ಇಲ್ಲರೀ."

"ಹಂಗಾರ ಅಡ್ಡಿಯಿಲ್ಲ. ಅತ್ತಾಗ ಮುಖ ಮಾಡಿ ಕುಂಡ್ರಿ. ತಿರುಗಿಗಿರುಗಿ ನೋಡೀರಿ ಮತ್ತ."

ಕೆಲಸ ಕೇಳಿ ಒಂದು ಅರ್ಜಿ ಟೈಪ್ ಹೊಡೆಯಬೇಕಾಗಿತ್ತು. ಹುಡುಗಿ ಹಸಿರು ಬಳೆ ಗಲಗಲ ಅನ್ನಿಸುತ್ತ ಚೆನ್ನಾಗಿಯೇ ಹೊಡೆದಳು. ಕೊನೆಗೆ ತನ್ನ ಹೆಸರು ಹಾಕುವಲ್ಲಿಗೆ ಬಂದು ಕೈ ನಿಲ್ಲಿಸಿದಳು. ಒಂದಿಷ್ಟು ನಾಚಿ, ಮುಂದೆ ಗಂಡನ ಹೆಸರನ್ನೂ ಸೇರಿಸಿ ಹೊಡೆದಳು. ಸುತ್ತ ನಿಂತ ಹೆಂಗಸರಿಗೆ ಅದು ತಿಳಿದುಹೋಯಿತು. ನಮ್ಮ ಕಡೆ ಹೊಸ ಸೊಸೆ ಪ್ರಾಸ ಕಟ್ಟಿದ ಒಡಪಿನಲ್ಲಿ ಗಂಡನ ಹೆಸರು ಹೇಳಿ, ಹೊಸ್ತಿಲ ಮೇಲಿನ ಸೇರಕ್ಕಿ ಒದ್ದು ಒಳಗೆ ಬರಬೇಕು. ಒಡಪು ಹಾಕಿ ಹೆಸರು ಹೇಳು ಎಂದು ಅಕ್ಷತೆ ಬಿದ್ದಾಗಿನಿಂದ ಅವರು ದುಂಬಾಲು ಬಿದ್ದಿದ್ದರು, ಆಕೆ ಬಾಯಿ ಬಿಟ್ಟಿರಲಿಲ್ಲ.

"ಬಾಯಿಲೆ ಹೇಳಂದ್ರ ಹೇಳವಲ್ಲಳು, ಬೆರಳಿಲೆ ಹೇಳ್ಯಾಳ್ರೇ! ಏನಂತ ಹೊಡದಿ, ಓದವ್ವಾ!"

ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ತಪ್ಪು ನೋಡಬೇಕಾದದ್ದು ಸಾಹೇಬರ ಕೆಲಸ. ಅವರು ಕನ್ನಡಕ ಏರಿಸಿ, ಪರದೆಗೆ ಬಗ್ಗಿ, ಮದುಮಗನ ಹೆಸರನ್ನು ಅಡ್ಡಹೆಸರಿನ ಸಮೇತ ಖಡಕ್ಕಾಗಿ ಓದಿದರು.

ಬೆನ್ನು ತಿರುಗಿಸಿ ಕೂತಿದ್ದ ಮದುಮಗ ದಿಗ್ಗನೆ ಎದ್ದು ನಿಂತು, "ಹಾಜರ್ ಸರ್!" ಎಂದ.

ಅಕ್ಕನ ಹಾಡು ಅಲ್ಲಿಗೇ ನಿಂತಿತು. ಚಪ್ಪರದ ತುಂಬ ನಗೆಯೋ ನಗೆ. ಮದುಮಗನ ಅಜ್ಜಿ ಮಾತ್ರ ನಗಲಿಲ್ಲ. ಗಲ್ಲಕ್ಕೆ ಕೈಯಿಟ್ಟುಕೊಂಡು ಸಾಹೇಬರನ್ನು ಮೇಲಿಂದ ಕೆಳಗಿನವರೆಗೆ ನೋಡಿ ಅಂದಳು:

"ಎವ್ವಾ! ಗಂಡನ ಹೆಸರ ಈ ಸಾಹೇಬ್ರ ಹೇಳಿಬಿಟ್ರಲ್ಲೇ! ಇನ್ನೇನ ಮಾಡೋದು, ಹೊಸ್ತಿಲಕ್ಕ ಸೇರಕ್ಕಿ ಇಡ್ರಿ. ಸೇರು ಒದ್ದು ಮೊದಲ ಇವರು ಒಳಗ ಬರಲಿ!"