ಎರಡು ಹಲ್ಲಿಮೊಟ್ಟೆಗಳ ಮೇಲ್ವಿಚಾರಣೆ

ತಪ್ಪು ಒಪ್ಪಿಕೊಳ್ಳುವ ಗುಣ ಅವಳಲ್ಲಿ ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಹಾಲು ಉಕ್ಕಿದರೆ ಪಾತ್ರೆ ಚಿಕ್ಕದು, ಬಸ್ಸು ತಪ್ಪಿದರೆ ಡ್ರೈವರನಿಗೆ ಅವಸರ, ಮನೆಯಲ್ಲಿ ಜಗಳವಾದರೆ ಗಂಡ. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಕೋಳಿಮರಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದ ಮೇಲೆ ಈ ಗುಣ ಇನ್ನಷ್ಟು ಬಲಿತಿತ್ತು. ತಪ್ಪು ತೋರಿಸುವ ಮೇಲಧಿಕಾರಿಯೂ ಈಗ ಇರಲಿಲ್ಲವಲ್ಲ.

ಇಂಥವಳ ವಶಕ್ಕೆ ಎರಡು ಹಲ್ಲಿಮೊಟ್ಟೆ ಒಪ್ಪಿಸಿ ಮಗಳು ಎರಡು ತಿಂಗಳ ತರಬೇತಿಗೆ ಹೊರಟಳು. (ಗೋಡೆಯ ಮೇಲೆ ಬಿಟ್ಟಿ ಓಡಾಡುವ ಹಲ್ಲಿಯಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ, ಮೈತುಂಬ ಚುಕ್ಕೆಯಿದ್ದ, ಮನೆಯವರೆಲ್ಲರಿಗಿಂತ ಬೆಚ್ಚಗೆ ಮಲಗುವ ಹಲ್ಲಿ.) ಬಲ್ಬಿನ ಕಾವಿದ್ದ ಡಬ್ಬಿಯೊಳಗೆ, ಒದ್ದೆ ತೆಂಗಿನನಾರಿನ ಪುಡಿಯಲ್ಲಿ ಅರ್ಧ ಹೂತು, ಬಿಳಿಯ ಮೊಟ್ಟೆಗಳು ಕೂತಿದ್ದವು. ಒಂದೊಂದರ ನೆತ್ತಿಯ ಮೇಲೂ ಪೆನ್ಸಿಲಿನ ಚುಕ್ಕೆ. ಹಿಂದಿನ ಎರಡು ಸಲ ಮಗಳ ಕೈಯಲ್ಲಿ ಮೊಟ್ಟೆ ಕೆಟ್ಟು, ಅವಳು ಎರಡು ದಿನ ಊಟ ಬಿಟ್ಟಿದ್ದಳು. ಈ ಸಲ ಅಮ್ಮ ಇದ್ದಾಳೆಂಬ ಧೈರ್ಯ.

ಮಗಳು ಬರೆದಿಟ್ಟ ಸೂಚನೆಯ ಕಾಗದವನ್ನು ಓದಿದವನು ಗಂಡ. ಮನೆಯ ಮುಂದಿನ ಕೋಣೆಯಲ್ಲೇ ಗಡಿಯಾರ ರಿಪೇರಿ ಮಾಡುತ್ತಿದ್ದವನು.

"ಇಲ್ಲೊಂದು ಮುಖ್ಯವಾದ ಮಾತು ಬರೆದಿದ್ದಾಳೆ, ಕೇಳು."

"ಮೊಟ್ಟೆ ವಿಷಯ ನನಗೆ ಓದಿ ಹೇಳ್ತೀರಾ? ನೀವು ಮುಳ್ಳು ತಿರುಗಿಸ್ಕೊಂಡಿರಿ, ಮೊಟ್ಟೆ ನಾನು ತಿರುಗಿಸ್ತೀನಿ. ಇವತ್ತು ಸಂಜೆಯಿಂದಲೇ."

ಅವನು ಕಾಗದ ಮಡಚಿ ಜೇಬಿಗಿಟ್ಟ.

ಕೇಂದ್ರದಲ್ಲಿ ಪೆನ್ಸಿಲ್ ಗುರುತಿಗೆ ಇದ್ದದ್ದು ಒಂದೇ ಅರ್ಥ: ಯಾವ ಮೊಟ್ಟೆ ತಿರುಗಿಸಿ ಆಯಿತು, ಯಾವುದು ಬಾಕಿ. ತಿರುಗಿಸದಿದ್ದರೆ ಮರಿ ಚಿಪ್ಪಿಗೆ ಅಂಟಿ ಸಾಯುತ್ತದೆ. ಆದ್ದರಿಂದ ಬೆಳಿಗ್ಗೆ ಚುಕ್ಕೆ ಮೇಲೆ, ಸಂಜೆ ಚುಕ್ಕೆ ಕೆಳಗೆ. ವಾರದೊಳಗೆ ಪ್ರಗತಿಯೂ ಕಂಡಿತು. ಮೆತ್ತಗಿರುತ್ತವೆ ಎಂದು ಮಗಳು ಹೇಳಿದ್ದ ಮೊಟ್ಟೆಗಳು ಕಲ್ಲಿನಂತೆ ಗಟ್ಟಿಯಾಗಿದ್ದವು, ಮೈಮೇಲೆ ಹೊಳಪು ಬಂದಿತ್ತು. ಪಕ್ಕದ ಮನೆಯ ದರ್ಜಿಯ ಹೆಂಡತಿಯನ್ನು ಕರೆದು ತೋರಿಸಿ, ಎಲ್ಲಾ ಕೈಗುಣ ಎಂದಳು.

ನಲವತ್ತನೆಯ ದಿನ ಮಗಳು ಫೋನ್ ಮಾಡಿದಳು. ಊಟ, ನೆಗಡಿ, ಹವೆ ಎಲ್ಲ ಮುಗಿದ ಮೇಲೆ ಕೇಳಿದಳು:

"ಅಮ್ಮಾ, ಚುಕ್ಕೆ ಮೇಲೇ ಇದೆ ತಾನೆ? ಕೋಳಿಮೊಟ್ಟೆ ಥರ ಅಲ್ಲ ಇದು. ಒಂದ್ಸಲ ತಿರುಗಿದರೂ ಒಳಗೆ ಮರಿ ಸತ್ತುಹೋಗತ್ತೆ."

"ಇದೆ," ಎಂದಳು. ಆ ಕ್ಷಣಕ್ಕೆ ಚುಕ್ಕೆ ಮೇಲೇ ಇತ್ತು, ಬೆಳಗಿನ ಹೊತ್ತಲ್ಲವೆ?

ಆಮೇಲೆ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒರೆಸಿದ ಕಪಾಟನ್ನೇ ಒರೆಸಿದಳು. ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು. ಲೆಕ್ಕದಲ್ಲಿ ಎಂಬತ್ತು ಸಲ ಕೊಂದಂತಾಗಿತ್ತು. ಮೂರನೆಯ ದಿನಕ್ಕೆ ಅವಳ ಬುದ್ಧಿ ಹಳೆಯ ದಾರಿ ಹಿಡಿಯಿತು. ಗಂಡನೆದುರು ನಿಂತು, ಈ ಮೊಟ್ಟೆಗಳನ್ನು ನೀವೇನಾದರೂ ಮುಟ್ಟಿದ್ದಿರಾ ಎಂದು ಕೇಳಿದಳು.

"ಒಂದೇ ಒಂದ್ಸಲ," ಎಂದ ಅವನು. "ಅದು ಯಾಕೆ ಅಂದ್ರೆ..."

ಯಾಕೆ ಎಂಬುದು ಅವಳಿಗೆ ಬೇಕಿರಲಿಲ್ಲ. ಹೋದ ಜೀವ ಬಂದಂತಾಗಿ ಅಡುಗೆಮನೆಗೆ ನಡೆದಳು. ಅಪರಾಧಿ ಸಿಕ್ಕಿದ್ದ. ಮಗಳಿಗೆ ಹೇಳಬೇಕಾದ ವಾಕ್ಯ ತರಕಾರಿ ಹೆಚ್ಚುವಷ್ಟರಲ್ಲಿ ಸಿದ್ಧವಾಯಿತು: "ನಿಮ್ಮಪ್ಪ ಕೈ ಹಾಕಿದ್ರು, ನಾನೇನು ಮಾಡ್ಲಿ?"

ಐವತ್ತೆರಡನೆಯ ದಿನ ಬೆಳಿಗ್ಗೆ ಗಂಡ ಅವಳನ್ನು ಮುಂದಿನ ಕೋಣೆಗೆ ಕರೆದ. ಯಂತ್ರ ತೆಗೆದ ಹಳೆಯ ಗೋಡೆಗಡಿಯಾರದ ಪೆಟ್ಟಿಗೆಯೊಳಗೆ ಸಣ್ಣ ಬಲ್ಬು ಉರಿಯುತ್ತಿತ್ತು. ಯಾವುದೋ ಗಿರಾಕಿಯದೆಂದು ಅವಳು ದಿನವೂ ಧೂಳು ಹೊಡೆಯುತ್ತಿದ್ದ ಪೆಟ್ಟಿಗೆ ಅದು. ಒಳಗೆ ಬೆರಳುದ್ದದ, ಇನ್ನೂ ಚುಕ್ಕೆ ಮೂಡದ, ಪಟ್ಟೆಪಟ್ಟೆಯ ಹಲ್ಲಿಮರಿ ಅವಳನ್ನು ದುರುಗುಟ್ಟಿ ನೋಡಿತು. ಪಕ್ಕದ ಮೊಟ್ಟೆಯಿಂದ ಇನ್ನೊಂದರ ಮೂಗು ಹೊರಬಂದಿತ್ತು.

ಅವಳು ಒಳಗೆ ಹೋಗಿ ತನ್ನ ಡಬ್ಬಿ ತಂದಳು. ಒಂದು ಮೊಟ್ಟೆಗೆ ಉಗುರು ಒತ್ತಿದಳು. ಬಿಳಿಯ ಸುರುಳಿ ಎದ್ದುಬಂತು.

"ಮೇಣವಾ?"

"ಮೇಣವೇ. ಅವಳು ಹೋದ ದಿನವೇ ಅಸಲಿ ಮೊಟ್ಟೆಗಳನ್ನ ಚಮಚದಲ್ಲಿ ಎತ್ತಿ ಇಲ್ಲಿಗೆ ತಂದಿಟ್ಟೆ. ನಿನ್ನನ್ನ ತಡೆಯೋದಕ್ಕಿಂತ ಮೇಣದಬತ್ತಿ ಕರಗಿಸೋದು ಸುಲಭ ಅನ್ನಿಸ್ತು." ಅವನು ನಗಲಿಲ್ಲ. ಮಗಳಿಗೆ ತಾನು ಹೇಳುವುದಿಲ್ಲ ಎಂದಷ್ಟೇ ಸೇರಿಸಿದ.

ಅಷ್ಟರಲ್ಲಿ ಮಗಳ ವಿಡಿಯೋ ಕರೆ. ಮರಿಗಳನ್ನು ಕಂಡು ಮಗಳು ಮುಖವನ್ನು ಪರದೆಗೆ ಇನ್ನಷ್ಟು ಹತ್ತಿರ ತಂದಳು.

"ನಂಗೊತ್ತಿತ್ತಮ್ಮಾ. ನಿನ್ನ ಕೈಲಿ ಕೊಟ್ರೆ ಆಗೇ ಆಗತ್ತೆ ಅಂತ."

ಗಂಡ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮೇಜಿನ ಮೇಲೆ ಬಗ್ಗಿದ್ದ. ಮೇಜಿನ ಮೇಲೆ ಯಾವ ಗಡಿಯಾರವೂ ಇರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು. ಬಳಿಕ ಮೇಣದ ಮೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಫೋನಿನೆದುರು ಎತ್ತಿದಳು.

"ನನ್ನ ಕೈಲಿ ಆಗಿದ್ದು ಇದು. ದಿನಕ್ಕೆರಡು ಸಲ ತಿರುಗಿಸಿದೀನಿ. ಮಿಕ್ಕಿದ್ದು ನಿಮ್ಮಪ್ಪನ್ನ ಕೇಳು."

ಫೋನು ಗಂಡನ ಕಡೆ ಚಾಚಿದಳು. ಅವನ ಹುಬ್ಬು ಮೇಲೇರಿದ ರಭಸಕ್ಕೆ ಮಸೂರ ಕಳಚಿ ಮೇಜಿನ ಮೇಲೆ ಉರುಳಿತು.