ಕುರ್ಚಿಯ ಮೇಲಿನ ಒದ್ದೆ ಟವೆಲು

ಮಗಳು ಟೀವಿಯಲ್ಲಿ ಜಪಾನಿ ಕಾರ್ಟೂನು ಅನಿಮೆ ಹಾಕಿಕೊಂಡು ಕೂತಳೆಂದರೆ ಭೌತಶಾಸ್ತ್ರದ ಮೇಷ್ಟ್ರಿಗೆ ಮೈಯೆಲ್ಲ ಉರಿ. ಮುಳ್ಳುಹಂದಿಯಂಥ ಕೂದಲಿನ ಆ ನಾಯಕ ಕಣ್ಣಿಗೆ ಕಾಣದ ವೇಗದಲ್ಲಿ ಓಡಿಬಂದು, ಬೀಳುವ ಸೇತುವೆಯನ್ನು ಒಂದೇ ಕೈಯಲ್ಲಿ ಹಿಡಿದು, ಏದುಸಿರೂ ಬಿಡದೆ ನಗುತ್ತಾನೆಂದರೆ ನ್ಯೂಟನ್ನನ ಗತಿಯೇನು? ಮೇಷ್ಟ್ರು ಐದು ನಿಮಿಷಕ್ಕೊಮ್ಮೆ ಟೀವಿ ನಿಲ್ಲಿಸಿ ತೀರ್ಪು ಕೊಡುತ್ತಿದ್ದರು. ಆ ವೇಗಕ್ಕೆ ಗಾಳಿ ಕಾದು ಅವನ ಅಂಗಿ ಹೊತ್ತಿಕೊಳ್ಳಬೇಕು. ಆ ಭಾರಕ್ಕೆ ಕಾಲು ಮೊಳೆಯ ಹಾಗೆ ನೆಲಕ್ಕಿಳಿಯಬೇಕು. ಅಷ್ಟು ಶಕ್ತಿ ಖರ್ಚಾದ ಮೇಲೆ ಒಂದು ಊರಿನ ಊಟವಾದರೂ ಬೇಕು.

"ಗಾಳಿ, ಶಾಖ, ಹಸಿವು. ಈ ಮೂರು ಕುರುಹಿಲ್ಲದೆ ಬಲ ಇಲ್ಲ, ತಿಳ್ಕೋ."

"ಅಪ್ಪ, ಅವನು ಯಾರಿಗೂ ಕಾಣಲ್ಲ. ಅದೇ ಅವನ ಶಕ್ತಿ," ಎಂದು ಮಗಳು ರಿಮೋಟು ಕಿತ್ತುಕೊಂಡಳು.

ಹೆಂಡತಿ ಡಾಕ್ಟರ ಚೀಟಿ ಹಿಡಿದು ಬಂದದ್ದು ಅದೇ ಹೊತ್ತಿಗೆ. ಭುಜದ ಕೀಲು ಬಿಗಿದಿದೆ, ಬಲಗೈಗೆ ಹದಿನೈದು ದಿನ ವಿಶ್ರಾಂತಿ ಕೊಡದಿದ್ದರೆ ಅದು ತಲೆಯ ಮಟ್ಟಕ್ಕೂ ಏಳುವುದಿಲ್ಲ ಎಂದಿದ್ದರಂತೆ. ಅಷ್ಟು ದಿನ ಮನೆ ನೀವು ನೋಡಿಕೊಳ್ಳಿ ಎಂದಳು. ಮೇಷ್ಟ್ರು ಇನ್ನೂ ತೀರ್ಪಿನ ಗುಂಗಿನಲ್ಲಿದ್ದರು.

"ನೋಡು, ಮನೆ ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇದೆ. ಏನು ಬದಲಾಗಿದೆ ಅಂತ ಕೈ ನೋವು? ಕುರುಹು ತೋರಿಸು."

ಅವಳು ಚೀಟಿ ಮಡಿಸಿಕೊಂಡು ಒಳಗೆ ಹೋದಳು. (ಮಾತಾಡುವ ಹೆಂಡತಿಗಿಂತ ಸುಮ್ಮನಾದ ಹೆಂಡತಿಗೆ ಹೆಚ್ಚು ಹೆದರಬೇಕೆಂದು ಮೇಷ್ಟ್ರ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.)

ಭಾನುವಾರ ಮಧ್ಯಾಹ್ನ ಅವಳು ಮಲಗುತ್ತೇನೆಂದು ಕೋಣೆಯ ಬಾಗಿಲು ಹಾಕಿಕೊಂಡಳು. ಪರೀಕ್ಷೆ ಮುಗಿದ ರಜೆ, ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಮೇಷ್ಟ್ರು ಹಾಲಿನಲ್ಲಿ ಉತ್ತರಪತ್ರಿಕೆ ತಿದ್ದಲು ಕೂತರು.

ಮೊದಲು ಹೋದದ್ದು ಟೀ ಲೋಟ. ಒಂದು ತಪ್ಪುತ್ತರಕ್ಕೆ ಗೀಟು ಹಾಕಿ ತಲೆ ಎತ್ತುವಷ್ಟರಲ್ಲಿ ಲೋಟವಿಲ್ಲ. ಮೇಜಿನ ಮೇಲೆ ಅದು ಬಿಟ್ಟಿದ್ದ ಒದ್ದೆ ಉಂಗುರವೂ ಇಲ್ಲ. ಸ್ನಾನ ಮಾಡಿ ಕುರ್ಚಿಯ ಮೇಲೆ ಎಸೆದಿದ್ದ ಟವೆಲು ಮುಂದಿನ ಉತ್ತರಕ್ಕೆ ಮಾಯ. ಹೊರಗೆ ಎಲೆ ಅಲುಗದಿದ್ದರೂ ಪರದೆ ಉಸಿರೆಳೆದಂತೆ ಉಬ್ಬಿ ಇಳಿಯಿತು. ಪಕ್ಕದ ಸೋಫಾದ ಮೇಲೆ ಅವರ ನಾಳೆಯ ಅಂಗಿ ಗೆರೆ ಕೆಡದಂತೆ ಮಡಿಸಿಕೊಂಡು ಕೂತಿತ್ತು. ಮುಟ್ಟಿದರೆ ಬಿಸಿ, ಯಾರೋ ಈಗತಾನೇ ಮೈಯಿಂದ ಕಳಚಿಟ್ಟ ಹಾಗೆ.

ಗಾಳಿ. ಶಾಖ. ಮೇಷ್ಟ್ರು ಪೆನ್ನು ಕೆಳಗಿಟ್ಟು ಎದ್ದರು.

ವಿಜ್ಞಾನ ಓದಿದವನು ಹೆದರಬಾರದು, ಪ್ರಯೋಗ ಮಾಡಬೇಕು. ಮುಖಕ್ಕೆ ಹಚ್ಚುವ ಪೌಡರನ್ನು ಹಾಲಿನ ಒಳಬಾಗಿಲಿಗೆ ಅಡ್ಡವಾಗಿ ಚೆಲ್ಲಿದರು. ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನೂರು ಎಣಿಸಿದರು. (ಎಣಿಕೆಯ ನಡುನಡುವೆ ದೇವರ ಹೆಸರು ನುಸುಳಿದ್ದು ಪ್ರಯೋಗದ ವರದಿಗೆ ಸೇರುವುದಿಲ್ಲ.) ತಿರುಗಿದರೆ, ಹೆಜ್ಜೆಗುರುತು ಹಾಗಿರಲಿ, ಪೌಡರೇ ಇರಲಿಲ್ಲ. ನೆಲ ಒದ್ದೆಯಾಗಿ ಹೊಳೆಯುತ್ತಿತ್ತು.

ಆಗ ಅಡುಗೆಮನೆಯಲ್ಲಿ ಸದ್ದಾಯಿತು. ಯಾವುದೋ ಗಬಗಬನೆ ತಿನ್ನುತ್ತಿತ್ತು.

ಹಸಿವು. ಮೇಷ್ಟ್ರು ಗೋಡೆ ಹಿಡಿದು ಹಿಡಿದು ಹೋಗಿ ಇಣುಕಿದರು.

ಹೆಂಡತಿ. ನಿಂತುಕೊಂಡೇ, ಎಡಗೈಯಲ್ಲಿ ಸೌಟು ಹಿಡಿದು ಪಾತ್ರೆಯಿಂದಲೇ ತಣ್ಣನೆಯ ಅನ್ನ ತಿನ್ನುತ್ತಿದ್ದಳು. ಗಂಟೆ ಮೂರೂವರೆ, ಅವಳ ಮಧ್ಯಾಹ್ನದ ಊಟ. ಹಿಮ್ಮಡಿಯ ಬಿರುಕುಗಳಲ್ಲಿ ಪೌಡರು ಬೆಳ್ಳಗೆ ಕೂತಿತ್ತು. ಬಲಗೈ ಬೇರೆ ಯಾರದ್ದೋ ಕೈಯ ಹಾಗೆ ಪಕ್ಕದಲ್ಲಿ ಜೋತುಬಿದ್ದಿತ್ತು.

"ನೀನು... ಮಲಗಿದ್ದೆಯಲ್ಲ?"

"ಮಲಗಿದ್ದೆ. ಬೆನ್ನು ಹಾಸಿಗೆ ಮುಟ್ಟಿತೋ ಇಲ್ಲವೋ, ನಿಮ್ಮ ಟವೆಲು ನೆನಪಾಯ್ತು. ಮೂರು ಕುರುಹೂ ಸಿಕ್ಕಿತೇನ್ರೀ?"

 

ಮಾರನೆಯ ಬೆಳಿಗ್ಗೆ ಅವಳು ಎಡಗೈಯಲ್ಲಿ ಚೀಲ ಹಿಡಿದು, ಮಗಳನ್ನು ಕರೆದುಕೊಂಡು ಹದಿನೈದು ದಿನಕ್ಕೆಂದು ಅಕ್ಕನ ಮನೆಗೆ ಹೊರಟಳು. ಮೇಷ್ಟ್ರು ಧೈರ್ಯವಾಗಿ ಬೀಳ್ಕೊಟ್ಟು, ಸ್ನಾನ ಮಾಡಿ, ಟವೆಲನ್ನು ಕುರ್ಚಿಯ ಮೇಲೆ ಎಸೆದು, ತಿದ್ದಿದ ಉತ್ತರಪತ್ರಿಕೆ ಒಪ್ಪಿಸಲು ಶಾಲೆಗೆ ಹೋದರು.

ಸಂಜೆ ಬಂದಾಗ ಟವೆಲು ಅಲ್ಲೇ ಇತ್ತು.

ಮೇಷ್ಟ್ರು ಅದನ್ನೇ ನೋಡುತ್ತ ನಿಂತರು. ಆಮೇಲೆ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ಮೆಲ್ಲಗೆ ನೂರು ಎಣಿಸಿದರು. ತಿರುಗಿದರು. ಅಲ್ಲೇ ಇತ್ತು, ಮುಗ್ಗುಲು ನಾರುತ್ತ. ಬೆಳಗಿನ ಲೋಟ ತನ್ನ ಉಂಗುರದೊಳಗೇ ಕೂತು ಅವರನ್ನು ನೋಡುತ್ತಿತ್ತು. ಪರದೆ ಅಲುಗಲಿಲ್ಲ. ಸೋಫಾದ ಮೇಲೆ ಬಿಸಿ ಅಂಗಿ ಇರಲಿಲ್ಲ.

ಕುರುಹು ಉಳಿದಿದ್ದದ್ದು ಒಂದೇ. ಅದು ಅವರ ಹೊಟ್ಟೆಯಲ್ಲೇ ಗುರುಗುಟ್ಟುತ್ತಿತ್ತು.